ಎಣ್ಣೆಯಲ್ಲಿ ಹಾಲು

ಸಾರಿನ ಅನ್ನಕ್ಕೆ ಎರಡನೆಯ ಸಲ ತುಪ್ಪ ಹಾಕಿಸಿಕೊಳ್ಳುತ್ತ ಚಂದ್ರಶೇಖರ ಹೇಳಿದ, "ಅಮ್ಮ, ಅಪ್ಪನ ದೋಣಿ ಕೊಟ್ಟುಬಿಡೋಣ ಅಂತಿದ್ದೀನಿ. ಘಾಜಿಯಾಬಾದಿನ ಒಬ್ಬ ಧಾಬಾದವನು ಕೇಳ್ತಿದ್ದಾನೆ."

ಮನೋರಮಮ್ಮನವರ ಕೈಯಲ್ಲಿದ್ದ ಚಮಚ ತುಪ್ಪದ ಗಿಂಡಿಯ ಮೇಲೆಯೇ ನಿಂತಿತು.

"ಧಾಬಾದವನಿಗೆ ದೋಣಿ ಯಾಕಪ್ಪ? ದಾಲ್ ಮಖನಿಯಲ್ಲಿ ಹುಟ್ಟು ಹಾಕ್ತಾನಂತಾ?"

ಮೊಮ್ಮಗಳು ಇಂಚರಾ ಕಿಸಕ್ಕನೆ ನಕ್ಕಳು. ಸೊಸೆ ಇಂದಿರಾ ನಗು ನುಂಗಿಕೊಂಡು ಮಜ್ಜಿಗೆಯ ಪಾತ್ರೆ ಮುಂದಕ್ಕೆ ಸರಿಸಿದಳು.

"ತಮಾಷೆ ಅಲ್ಲಮ್ಮ. ಹೋಟೆಲಿನ ಮುಂದಿನ ಹುಲ್ಲಿನ ಮೇಲೆ ಇಟ್ಟು, ಮಣ್ಣು ತುಂಬಿ, ಗುಲಾಬಿ ಗಿಡ ಹಾಕ್ತಾನಂತೆ. ಬಂದವರು ಫೋಟೋ ತೆಗೆಸಿಕೊಳ್ತಾರೆ."

"ಹಾಗಾದರೆ ನಿಮ್ಮಪ್ಪನ ದೋಣಿಗೆ ಮಣ್ಣು ಹಾಕ್ತಾನೆ ಅನ್ನು," ಎಂದು ಮನೋರಮಮ್ಮ ತುಪ್ಪವನ್ನು ಅವನ ಎಲೆಗೆ ಬಿಡದೆ ಚಮಚವನ್ನು ಹಾಗೆಯೇ ಗಿಂಡಿಗೆ ಹಾಕಿದರು.

ಚಿದಂಬರಯ್ಯನವರು ತೀರಿಕೊಂಡು ಐದು ತಿಂಗಳಾಗಿತ್ತು. ಪುಷ್ಯದ ಒಂದು ಬೆಳಗ್ಗೆ ಕುರ್ಚಿಯಲ್ಲಿ ಕುಳಿತು ಕಾಫಿ ಕುಡಿದರು, ಲೋಟವನ್ನು ಕೆಳಗಿಟ್ಟರು, ಮತ್ತೆ ಏಳಲಿಲ್ಲ. ಅವರು ದಿಲ್ಲಿಯಲ್ಲಿ, ನದಿಯ ನೀರು ಅಳೆಯುವ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಎಂಜಿನ್ ರಿಪೇರಿ ಮಾಡಿದವರು. ಇಪ್ಪತ್ತೆರಡು ವರ್ಷದ ಹಿಂದೆ ಕಚೇರಿಯವರು ಹಳೆಯ ಫೈಬರ್ ದೋಣಿಯೊಂದನ್ನು ಹರಾಜಿಗಿಟ್ಟಾಗ, ಜೊತೆಯವರೆಲ್ಲ ಕಪಾಟು, ಮೇಜು ನೋಡುತ್ತಿದ್ದರೆ, ಇವರು ದೋಣಿಯನ್ನು ಕೊಂಡು ಬಂದಿದ್ದರು. ಹಿಂದೆ ತೂಗುಹಾಕುವ ಎಂಜಿನ್ನೂ ಅದರ ಜೊತೆಗೇ ಬಂದಿತ್ತು. ವಜೀರಾಬಾದಿನ ಮೇಲ್ಗಡೆ ಯಮುನೆಯ ದಡದಲ್ಲಿ ಬನ್ವಾರಿ ಎಂಬ ಅಂಬಿಗನ ವಶದಲ್ಲಿ ಅದು ಇರುತ್ತಿತ್ತು. ನದಿಯ ನಡುವಿನ ಮರಳುದಿಬ್ಬದಲ್ಲಿ ಗುಡಿಸಲು ಹಾಕಿ ಸೌತೆ, ಕುಂಬಳ ಬೆಳೆಯುವ ಜನ ಇದ್ದರು. ಮಳೆಗಾಲದಲ್ಲಿ ನೀರು ಏರಿದರೆ ಅವರನ್ನು ಈಚೆ ದಡಕ್ಕೆ ತರುವುದು ಚಿದಂಬರಯ್ಯನವರು ತಾವಾಗಿ ತಲೆಗೆ ಕಟ್ಟಿಕೊಂಡ ಕೆಲಸ. ಮಾಡು ಎಂದು ಯಾರೂ ಹೇಳಿರಲಿಲ್ಲ. ಬೇಡ ಎಂದು ಹೇಳುವ ಧೈರ್ಯವೂ ಮನೆಯಲ್ಲಿ ಯಾರಿಗೂ ಇರಲಿಲ್ಲ.

"ನಾಳೆ ಯಾರಾದರೂ ಮುಳುಗಿದರೆ ಪೊಲೀಸರು ಯಾರ ಮನೆಗೆ ಬರ್ತಾರೆ ಹೇಳು?" ಎಂದ ಚಂದ್ರಶೇಖರ. ಅವನು ಕೇಂದ್ರ ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಯಾವ ಕಾಗದವೂ ತನ್ನ ಮೇಜಿನ ಮೇಲೆ ಎರಡು ದಿನ ನಿಲ್ಲಬಾರದು ಎನ್ನುವ ಮನುಷ್ಯ. "ಅಪ್ಪನಿಗೆ ಎಂಜಿನ್ ಗೊತ್ತಿತ್ತು. ನನಗೆ ಸ್ಕೂಟರಿನ ಪ್ಲಗ್ ಬಿಚ್ಚೋಕೆ ಬರಲ್ಲ."

ಇಂದಿರಾ ಬಾಯಿ ತೆರೆದಳು. "ನೀರು ಏರಿದ ಆ ವರ್ಷ ಹನ್ನೊಂದು ಜನ ನಮ್ಮ ನಡುಮನೆಯಲ್ಲಿ ಮಲಗಿದ್ದರು, ನೆನಪಿದೆಯಾ? ನಾನು ಒಂದೇ ದಿನ ಮೂರು ಸಲ ಉಪ್ಪಿಟ್ಟು ಕೆದಕಿದೆ. ಆ ಜನ ಇನ್ನೂ ಅಲ್ಲೇ ಇದ್ದಾರೆ. ನೀರೂ ಅಲ್ಲೇ ಇದೆ."

"ಸರ್ಕಾರದ ದೋಣಿ ಬರುತ್ತೆ."

"ಬರುತ್ತೆ. ಆದರೆ ಮಾವ ಅದಕ್ಕಿಂತ ಮೊದಲು ಹೋಗ್ತಿದ್ದರು."

ಚಂದ್ರಶೇಖರ ಎಲೆಯ ಮೇಲಿನ ಅನ್ನವನ್ನು ಒಂದು ಕಡೆ ಸರಿಸಿದ. ಆಮೇಲೆ ಕಡತದ ಕೊನೆಗೆ ಷರಾ ಬರೆಯುವವನಂತೆ ಹೇಳಿದ: "ಸರಿ. ಮೂರು ವಾರ. ಎಂಜಿನ್ ನೀರಿನ ಮೇಲೆ ಒಂದು ಗಂಟೆ ತಡೆಯಿಲ್ಲದೆ ಓಡಿದರೆ ದೋಣಿ ಇರಲಿ. ಓಡದಿದ್ದರೆ ಮೂರನೇ ಭಾನುವಾರ ಟ್ರಕ್ ಬರುತ್ತೆ. ಆಮೇಲೆ ಯಾರೂ ಅಳಬಾರದು."

"ಓಡುತ್ತೆ," ಎಂದರು ಮನೋರಮಮ್ಮ. "ನಿಮ್ಮಪ್ಪ ನೋಡಿಕೊಂಡ ಎಂಜಿನ್ ಅದು. ಈಗ ತುಪ್ಪ ಬೇಕಾ, ಬೇಡವಾ?"

ಮಾರನೆಯ ಬೆಳಗ್ಗೆ ಮನೋರಮಮ್ಮ ಪೂಜೆ ಮುಗಿಸಿ, ಮಂಚದ ಕೆಳಗಿನ ತಗಡಿನ ಟ್ರಂಕನ್ನು ಎಳೆದರು. ಗಂಡ ಹೋದ ಮೇಲೆ ಅದನ್ನು ತೆರೆದದ್ದು ಅದೇ ಮೊದಲು. ಒಳಗೆ ಹಳೆಯ ಬನಿಯನ್ನಿನ ಚಿಂದಿ, ಸ್ಪ್ಯಾನರುಗಳು, ಮೂತಿಗೆ ರಬ್ಬರ್ ಕೊಳವೆ ಸಿಕ್ಕಿಸಿದ ಕಪ್ಪು ಹಿಡಿದ ಹೋಳಿಯ ಪಿಚಕಾರಿ. ಎಲ್ಲದರ ಅಡಿಯಲ್ಲಿ ಕಂದು ರಟ್ಟಿನ ಉದ್ದನೆಯ ನೋಟುಪುಸ್ತಕ.

ಅವರು ಕನ್ನಡಕ ಹಾಕಿಕೊಂಡು ಮೊದಲ ಪುಟ ತೆರೆದರು. ಗಂಡನ ದಪ್ಪ ಅಕ್ಷರ. ಪುಟದ ನಡುವೆ ಕೆಂಪು ಶಾಯಿಯಲ್ಲಿ ಮೂರೇ ಸಾಲು.

ಹಾಲು ಕಂಡರೆ ದೋಣಿ ಇಳಿಸಕೂಡದು.
ಎಲ್ಲಕ್ಕೂ ಆ ದಾರವೇ ಕಾರಣ.
ಮನೋರಮೆಗೆ ಹೇಳಕೂಡದು.

ಅವರು ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೊಮ್ಮೆ ಓದಿದರು. ಅಕ್ಷರಗಳೇನೂ ಬದಲಾಗಲಿಲ್ಲ.

ಇಪ್ಪತ್ತೆರಡು ವರ್ಷ, ಪ್ರತಿ ಜೂನಿನಲ್ಲೂ, ದೋಣಿ ನೀರಿಗಿಳಿಯುವ ದಿನ ಅವರು ಒಂದು ತಂಬಿಗೆ ಹಾಲು ತೆಗೆದುಕೊಂಡು ಹೋಗಿ ಯಮುನೆಗೆ ಎರೆಯುತ್ತಿದ್ದರು. ತೆಂಗಿನಕಾಯಿಗೆ ಕೆಂಪು ದಾರ ಸುತ್ತಿ, ಅರಿಶಿನ ಕುಂಕುಮ ಇಟ್ಟು ತೇಲಿ ಬಿಡುತ್ತಿದ್ದರು. ಹೋದವರು ಮರಳಿ ಬರಲಿ ಎಂದು ಅವರು ಬೇಡಿಕೊಂಡದ್ದು ಅಷ್ಟೇ. ಪಕ್ಕದಲ್ಲಿ ಚಿದಂಬರಯ್ಯ ಚಪ್ಪಲಿ ಬಿಟ್ಟು, ಎಣ್ಣೆಯ ಕೈಗಳನ್ನೇ ಜೋಡಿಸಿ ನಿಲ್ಲುತ್ತಿದ್ದರು. ಒಂದು ದಿನ ಕೂಡ ಬೇಡ ಅಂದವರಲ್ಲ.

"ನಿಂತುಕೊಂಡು ನಾಟಕ ಆಡಿದರಾ ನೀವು?" ಎಂದು ಮನೋರಮಮ್ಮ ಗೋಡೆಯ ಮೇಲಿನ ಫೋಟೋವನ್ನು ಕೇಳಿದರು. ಪುಸ್ತಕವನ್ನು ಮುಚ್ಚಿ, ದೇವರ ಗೂಡಿನಲ್ಲಿ ಕೃಷ್ಣನ ಪಟದ ಹಿಂದೆ ಸೇರಿಸಿದರು. ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕಿ ಬಾಗಿಲ ಬಳಿ ಇಟ್ಟರು. ಪಿಚಕಾರಿ ಟ್ರಂಕಿನಲ್ಲೇ ಉಳಿಯಿತು.

ಭಾನುವಾರ ಚಂದ್ರಶೇಖರ ಚೀಲ ಹೆಗಲಿಗೇರಿಸಿಕೊಂಡು, "ಹೊರಡ್ತೀಯಾಮ್ಮ?" ಎಂದಾಗ ಅವರು ಹುರುಳಿಕಾಯಿ ಬಿಡಿಸುತ್ತ ತಲೆಯೆತ್ತಲಿಲ್ಲ.

"ಮಂಡಿ ನೋವು."

"ಹಾಲು, ಕಾಯಿ ಏನಾದರೂ ಕೊಡ್ತೀಯಾ?"

"ಏನೂ ಬೇಡ. ಹಾಲು ಮೊಸರಿಗೆ ಬೇಕು."

ಇಂದಿರಾ ಒಲೆಯ ಮುಂದಿನಿಂದ ಹಿಂತಿರುಗಿ ನೋಡಿದಳು. ಗಂಡ ಅತ್ತ ಹೋದ ಮೇಲೆ ಕೇಳಿದಳು, "ಏನಾಯ್ತು ಅತ್ತೆ? ಮೊನ್ನೆ ಅಷ್ಟು ಹಟ ಹಿಡಿದಿದ್ದಿರಿ."

"ಹಟ ಹಿಡಿದದ್ದು ನನ್ನ ಬುದ್ಧಿಗೇಡಿತನ. ಬೇಕಾದರೆ ಗುಲಾಬಿ ಹಾಕಿಕೊಳ್ಳಲಿ."

"ಅತ್ತೆ!"

"ಹುರುಳಿಕಾಯಿ ಬಲಿತಿದೆ ಕಣೆ. ಆ ತರಕಾರಿ ಭಯ್ಯಾನ ಹತ್ತಿರ ಇನ್ನು ಮೇಲೆ ತೊಗೋಬೇಡ."

ಮಧ್ಯಾಹ್ನ ಚಂದ್ರಶೇಖರ ಬಿಸಿಲಿಗೆ ಕೆಂಪಾಗಿ, ಆದರೆ ಗೆದ್ದವನ ಮುಖ ಹೊತ್ತು ಬಂದ. ಎಂಜಿನ್ನಿನ ಕೆಳಭಾಗದಲ್ಲಿ, ನೀರಿನೊಳಗೆ ದೋಣಿಯನ್ನು ತಳ್ಳುವ ಪಂಖಾ ತಿರುಗುವ ಕಡೆ, ಗೇರುಗಳ ಒಂದು ಪೆಟ್ಟಿಗೆ ಇರುತ್ತದಂತೆ. ಅದಕ್ಕೆ ಮೇಲೊಂದು ಕೆಳಗೊಂದು ಸ್ಕ್ರೂ. ಕೆಳಗಿನದನ್ನು ಬಿಚ್ಚಿ ಹಳೆಯ ಎಣ್ಣೆಯನ್ನು ಮರಳಿನ ಗುಂಡಿಗೆ ಬಿಟ್ಟು, ಮುಚ್ಚಿ, ಮೇಲಿನದರಿಂದ ಹೊಸ ಎಣ್ಣೆ ಹಾಕಿದರಂತೆ.

"ಎರಡು ಚಮಚ ಹಾಕೋದರೊಳಗೆ ತುಂಬಿ ಚೆಲ್ಲಿಬಿಡ್ತು. ಬನ್ವಾರಿ 'ಭರ್ ಗಯಾ ಬಾಬೂ' ಅಂದ. ಇಷ್ಟೇ ಕೆಲಸಕ್ಕೆ ಅಪ್ಪ ಇಡೀ ದಿನ ಯಾಕೆ ತೊಗೋತಿದ್ದರೋ!"

ಎಣ್ಣೆ ಹೇಗಿತ್ತು ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದವರು ಅಡುಗೆಮನೆಯಲ್ಲಿ ಹಪ್ಪಳ ಸುಡುತ್ತಿದ್ದರು.

ಆ ವಾರವೆಲ್ಲ ಮನೆಯಲ್ಲಿ ಮಾತು ಕಡಿಮೆ. ಮೇಲಿನ ಅಂತಸ್ತಿನಲ್ಲಿ ಐಎಎಸ್ ಪರೀಕ್ಷೆಗೆ ಓದುವ ಹುಡುಗರ ಬಾಯಿಪಾಠ ಕೇಳಿಸುತ್ತಿತ್ತು. ಕೆಳಗೆ ಮನೋರಮಮ್ಮ ವಿಷ್ಣುಸಹಸ್ರನಾಮ ಹೇಳುತ್ತಿದ್ದರು. ನಡುನಡುವೆ ಮರೆತು ನಿಲ್ಲಿಸುತ್ತಿದ್ದರು. ನಲವತ್ತು ವರ್ಷದಲ್ಲಿ ಅವರು ಹಾಗೆ ಮರೆತದ್ದಿಲ್ಲ. ಗುರುವಾರ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಶುಕ್ರವಾರ ಉಪ್ಪೇ ಬೀಳಲಿಲ್ಲ.

"ಅಜ್ಜಿ, ಆರ್ ಯು ಓಕೆ?" ಎಂದಳು ಇಂಚರಾ. ಕಾಲೇಜಿನ ಎರಡನೆಯ ವರ್ಷದಲ್ಲಿದ್ದಳು. ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು, ಆಡುವಾಗ ಹಿಂದಿ ನುಸುಳುತ್ತಿತ್ತು, ಓದಲು ಮಾತ್ರ ಒಂದಕ್ಷರ ಬರುತ್ತಿರಲಿಲ್ಲ.

"ನಿನ್ನೆದನ್ನೂ ಇವತ್ತಿನದನ್ನೂ ಸೇರಿಸಿ ತಿನ್ನು. ಸರಿಯಾಗುತ್ತೆ."

ಎರಡನೆಯ ಭಾನುವಾರ ದೋಣಿ ನೀರಿಗಿಳಿಯಿತು. ಕಾಲು ಗಂಟೆ ಓಡಿತು. ಆಮೇಲೆ ಗೇರಿನ ಪೆಟ್ಟಿಗೆಯೊಳಗೆ ಯಾರೋ ಕಲ್ಲು ಬೀಸಿದ ಹಾಗೆ ಗರ್ರೆಂದಿತು. ಬನ್ವಾರಿ ಎಂಜಿನ್ ನಿಲ್ಲಿಸಿ, ಹುಟ್ಟು ಹಾಕಿಕೊಂಡು ದಡಕ್ಕೆ ತಂದ. ಚಂದ್ರಶೇಖರ ಕೆಳಗಿನ ಸ್ಕ್ರೂ ಬಿಚ್ಚಿ, ಬಂದಷ್ಟು ಎಣ್ಣೆಯನ್ನು ತನ್ನ ತಿಂಡಿಯ ಸಣ್ಣ ಸ್ಟೀಲ್ ಡಬ್ಬಿಗೆ ಹಿಡಿದುಕೊಂಡ. ಸೋಮವಾರ ಯಾರಾದರೂ ಮೆಕ್ಯಾನಿಕ್‌ಗೆ ತೋರಿಸಬೇಕೆಂದಿದ್ದ. ದಾರಿಯಲ್ಲಿ ಬರುವಾಗ ಅದೂ ಬೇಡವೆನಿಸಿ ಘಾಜಿಯಾಬಾದಿಗೆ ಫೋನ್ ಮಾಡಿದ. ಮುಂದಿನ ಭಾನುವಾರ ಹನ್ನೊಂದಕ್ಕೆ ಟ್ರಕ್ ಬರುವುದು ಗಟ್ಟಿಯಾಯಿತು. ಮನೆಗೆ ಬಂದು ಡಬ್ಬಿಯನ್ನು ಅಡುಗೆಕಟ್ಟೆಯ ಮೇಲಿಟ್ಟು, ಸ್ನಾನ ಮಾಡಿ, ಮಲಗಿಬಿಟ್ಟ.

ನಾಲ್ಕು ಗಂಟೆಗೆ ಕಾಫಿ ಮಾಡಲೆಂದು ಮನೋರಮಮ್ಮ ಅಡುಗೆಮನೆಗೆ ಬಂದರು. ಕಟ್ಟೆಯ ಮೇಲೆ ಡಬ್ಬಿ. ಮುಚ್ಚಳ ತೆಗೆದು ನೋಡಿದರೆ ತಳದಲ್ಲಿ ಎರಡು ಬೆರಳು ಕಾಫಿ. ಡಿಕಾಕ್ಷನ್ನಿಗೆ ಗಟ್ಟಿ ಹಾಲು ಬೆರೆಸಿದ ಬಣ್ಣ.

"ಇಂದಿರಾ, ಈ ಕಾಫಿ ಯಾರೇ ಉಳಿಸಿದ್ದು?"

"ಗೊತ್ತಿಲ್ಲ ಅತ್ತೆ," ಎಂದಳು ಇಂದಿರಾ, ಬಾಲ್ಕನಿಯಲ್ಲಿ ಬಟ್ಟೆ ಮಡಿಸುತ್ತ.

ಮನೋರಮಮ್ಮ ಕಾಫಿ ಚೆಲ್ಲುವವರಲ್ಲ. ಪುಟ್ಟ ಪಾತ್ರೆಗೆ ಬಗ್ಗಿಸಿ ಒಲೆ ಹೊತ್ತಿಸಿದರು. ಹಾಲು ಉಕ್ಕುವ ಬದಲು ಪಾತ್ರೆ ಚಟಪಟ ಸಿಡಿಯಿತು. ಮೂಗಿಗೆ ಬಂದ ವಾಸನೆ ಕಾಫಿಯದಲ್ಲ. ಮೂವತ್ತನಾಲ್ಕು ವರ್ಷ ತಾವು ಸೋಪು ಹಾಕಿ ಉಜ್ಜಿದ, ಎಷ್ಟು ಉಜ್ಜಿದರೂ ಕಾಲರಿನಲ್ಲಿ ಉಳಿಯುತ್ತಿದ್ದ ಗಂಡನ ಅಂಗಿಯ ವಾಸನೆ.

ಅವರು ಒಲೆ ಆರಿಸಿದರು. ಖಾಲಿಯಾದ ಡಬ್ಬಿಯ ಅಂಚಿಗೆ ಬೆರಳಿಟ್ಟು ಹೆಬ್ಬೆರಳಿನಿಂದ ತಿಕ್ಕಿದರು. ಜಾರಿತು.

"ಇಂದಿರಾ! ಶೇಖರಾ! ಎಲ್ಲ ಬನ್ನಿ ಇಲ್ಲಿ!"

ಚಂದ್ರಶೇಖರ ಲುಂಗಿ ಕಟ್ಟಿಕೊಳ್ಳುತ್ತ ಓಡಿ ಬಂದ. ಇಂಚರಾ ಕಿವಿಯಿಂದ ಇಯರ್‌ಫೋನ್ ಕಿತ್ತು ಬಂದಳು.

"ಏನಿದು?"

"ಗೇರಿನ ಎಣ್ಣೆ ಅಮ್ಮ. ನೀನು ಅದನ್ನ ಕಾಯಿಸಿದೆಯಾ? ಅಯ್ಯೋ ರಾಮ!"

"ಹೊಸ ಎಣ್ಣೆ ಯಾವ ಬಣ್ಣ ಇತ್ತು?"

"ಜೇನಿನ ಬಣ್ಣ."

"ಹಾಗಾದರೆ ಇದು ಹಾಲು," ಎಂದರು ಮನೋರಮಮ್ಮ.

"ಹಾಲಲ್ಲ ಅಜ್ಜಿ, ಎಣ್ಣೆ. ಪಾಪಾ ಈಗ ಹೇಳಿದರಲ್ಲ."

"ನನಗೆ ಗೊತ್ತಿದೆ, ಇದು ಎಣ್ಣೆ. ಇದೇ ಹಾಲು. ಸುಮ್ಮನೆ ಇರು ನೀನು."

ತಂದೆ ಮಗಳು ಮುಖ ಮುಖ ನೋಡಿಕೊಂಡರು. ಮನೋರಮಮ್ಮ ದೇವರ ಗೂಡಿನ ಮುಂದೆ ಹೋಗಿ, ಕೃಷ್ಣನ ಪಟವನ್ನು ಸರಿಸಿ, ಪುಸ್ತಕ ತೆಗೆದು ಸೊಸೆಯ ಕೈಗೆ ಕೊಟ್ಟರು. "ಓದು. ಮೊದಲ ಪುಟ ನನಗೆ ಬಾಯಿಪಾಠ. ಮುಂದಿನದನ್ನ ಓದು."

"ಎರಡು ವಾರದಿಂದ ಇದು ದೇವರ ಹಿಂದೆ ಇತ್ತಾ?" ಎಂದ ಚಂದ್ರಶೇಖರ. "ನಾನು ಅಲ್ಲಿ ಬಿಸಿಲಿನಲ್ಲಿ ಬೇಯ್ತಿದ್ದೆ!"

"ಇತ್ತು. ತಪ್ಪು ನನ್ನದೇ. ಮೂರು ಸಾಲು ಓದಿ ಸಿಟ್ಟು ಬಂತು, ಮುಚ್ಚಿಟ್ಟೆ. ಬೈಯೋದಿದ್ದರೆ ಆಮೇಲೆ ಬೈ. ಓದೇ ಇಂದಿರಾ."

ಇಂದಿರಾ ಮೊದಲ ಪುಟವನ್ನು ತನ್ನಷ್ಟಕ್ಕೆ ಓದಿಕೊಂಡಳು. ಒಮ್ಮೆ ಅತ್ತೆಯ ಮುಖ ನೋಡಿದಳು. ಪುಟ ತಿರುಗಿಸಿ ಗಟ್ಟಿಯಾಗಿ ಓದಿದಳು:

"ಗೇರಿನ ಎಣ್ಣೆಯನ್ನು ಪಾತ್ರೆಗೆ ಹಿಡಿದು ನೋಡಬೇಕು. ಜೇನಿನಂತಿದ್ದರೆ ಕ್ಷೇಮ. ಹಾಲು ಬೆರೆತಂತಿದ್ದರೆ ಒಳಗೆ ನೀರು ಹೊಕ್ಕಿದೆ. ಪಂಖಾ ಬಿಚ್ಚಿ ಅದರ ಹಿಂದೆ ದಾರ ಹುಡುಕಬೇಕು. ದಾರ ಸುತ್ತಿಕೊಂಡು ರಬ್ಬರ್ ಸೀಲನ್ನು ಕೊಯ್ಯುತ್ತದೆ."

ಮುಂದಿನ ಪುಟಗಳಲ್ಲಿ ವರ್ಷಕ್ಕೊಂದು ಟಿಪ್ಪಣಿ. ಇಂದಿರಾ ಒಂದೊಂದಾಗಿ ಓದುತ್ತ ಹೋದಳು. "ಈ ವರ್ಷ ಹಾಲಿಲ್ಲ. ವಾಷರ್ ಎರಡೂ ಹೊಸದು." "ಹಾಲು. ಕೆಂಪು ದಾರ ಮೊಳದುದ್ದ. ಸೀಲ್ ಹೊಸದು." "ಹಾಲು. ಕೆಂಪು ದಾರವೇ." ಒಂದು ಕಡೆ ಅವಳ ದನಿ ತಗ್ಗಿತು. "ಬನ್ವಾರಿ ಹೇಳುತ್ತಾನೆ, ಅಮ್ಮಾಜಿ ಬಿಡುವ ಕಾಯಿಯ ದಾರವೂ ಇದರಲ್ಲಿ ಇರಬಹುದು ಎಂದು. ಇದ್ದರೆ ಇರಲಿ. ಊರಿನವರೆಲ್ಲ ಬಿಡುತ್ತಾರೆ. ಮನೋರಮೆಗೆ ಹೇಳಿದರೆ ಪೂಜೆಯನ್ನೇ ನಿಲ್ಲಿಸಿಯಾಳು. ನಿಲ್ಲುವುದು ಬೇಡ. ಸೀಲ್ ಹಾಕಲು ಅರ್ಧ ದಿನ ಸಾಕು."

ಮೇಲಿನ ಅಂತಸ್ತಿನಿಂದ ಒಬ್ಬ ಹುಡುಗ ಸಂವಿಧಾನದ ವಿಧಿಗಳನ್ನು ಎಣಿಸುತ್ತಿದ್ದುದು ಕೇಳಿಸಿತು. ಮನೋರಮಮ್ಮ ಮೂಗೊರೆಸಿಕೊಂಡರು.

"ಕಾಫಿ ಮಾಡು ಇಂದಿರಾ," ಎಂದರು. "ಬೇರೆ ಪಾತ್ರೆಯಲ್ಲಿ ಮಾಡು."

ಇಂಚರಾ ಮೊದಲು ನಕ್ಕಳು. ಆಮೇಲೆ ಎಲ್ಲರೂ ನಕ್ಕರು.

ಕಾಫಿ ಕುಡಿಯುತ್ತ ಚಂದ್ರಶೇಖರ ಪುಸ್ತಕವನ್ನು ತಾನೇ ತೆಗೆದುಕೊಂಡು, ಅಕ್ಷರ ಕೂಡಿಸಿ ಕೂಡಿಸಿ ಓದಿದ. "'ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದ ಮೇಲಕ್ಕೆ ತುಂಬಬೇಕು. ಪಿಚಕಾರಿ ಬಳಸುವುದು.' ಕೆಳಗಿನಿಂದಲಾ? ಎಣ್ಣೆ ಕೆಳಗಿನಿಂದ ಹೇಗೆ ತುಂಬುತ್ತೆ?"

"ಕಿರಿದಾದ ಬಾಯಿಯ ಸೀಸೆಗೆ ಆಲಿಕೆ ಒತ್ತಿ ಎಣ್ಣೆ ಸುರಿದು ನೋಡು," ಎಂದರು ಮನೋರಮಮ್ಮ. "ಗುಳುಗುಳು ಅಂತ ನಿಂತುಬಿಡುತ್ತೆ. ಒಳಗಿನ ಗಾಳಿಗೆ ದಾರಿ ಬೇಡವಾ? ನೀನು ಮೇಲಿಂದ ಹಾಕಿದೆ, ಎರಡು ಚಮಚಕ್ಕೇ ಚೆಲ್ಲಿತು. ಪೆಟ್ಟಿಗೆ ತುಂಬ ಗಾಳಿಯೇ ಇತ್ತು. ಅಡುಗೆಮನೆಗೆ ಒಂದು ದಿನ ಬಂದಿದ್ದರೆ ನಿನಗೆ ಇದು ಗೊತ್ತಿರ್ತಿತ್ತು."

ಟ್ರಂಕಿನಿಂದ ಪಿಚಕಾರಿ ಹೊರಗೆ ಬಂದಾಗ ಇಂಚರಾ ಕೂಗಿದಳು. "ಏ, ಇದು ನನ್ನದು! ಫೋರ್ತ್ ಕ್ಲಾಸ್‌ನಲ್ಲಿ ಕಳೆದುಹೋಯ್ತು ಅಂತ ಅತ್ತಿದ್ದೆ. ತಾತ ಚೋರಿ ಮಾಡಿದ್ದರಾ?"

"ನಿನ್ನ ಜೊತೆ ಸೇರಿಕೊಂಡು ಒಂದು ಗಂಟೆ ಹುಡುಕಿದರು ಕೂಡ," ಎಂದಳು ಇಂದಿರಾ.

"ಏನೇ ಆದರೂ ಟ್ರಕ್‌ಗೆ ಹೇಳಿ ಆಗಿದೆ," ಎಂದ ಚಂದ್ರಶೇಖರ. "ನಾನು ಕೊಟ್ಟ ಮಾತು."

"ಮೂರು ವಾರ ಅಂದದ್ದೂ ನೀನು ಕೊಟ್ಟ ಮಾತು. ಇನ್ನೂ ಒಂದು ವಾರ ಇದೆ. ಟ್ರಕ್ ಬರಲಿ. ಬಂದವರಿಗೆ ಚಹಾ ಕೊಡೋಣ."

ಪುಸ್ತಕದಲ್ಲಿ ಸೀಲಿನ ನಂಬರ್ ಇತ್ತು. ಬುಧವಾರ ಇಂದಿರಾ ಮಗಳನ್ನು ಕರೆದುಕೊಂಡು, ವಿಶ್ವವಿದ್ಯಾಲಯ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ ಕಾಶ್ಮೀರಿ ಗೇಟಿಗೆ ಹೋದಳು. ಬಿಡಿಭಾಗದ ಅಂಗಡಿಗಳ ಸಾಲಿನಲ್ಲಿ ಏಳನೆಯವನು ನಂಬರ್ ನೋಡಿ, "ಇದು ಮದ್ರಾಸಿ ಬಾಬೂಜಿಯ ಸೀಲು. ಈ ಸಲ ಯಾಕೆ ಬರಲಿಲ್ಲ ಅಂದುಕೊಳ್ತಿದ್ದೆ," ಎಂದು ಹಿಂದಿಯಲ್ಲಿ ಹೇಳಿದನಂತೆ. ವಿಷಯ ತಿಳಿದ ಮೇಲೆ ವಾಷರುಗಳನ್ನು ಹಾಗೆಯೇ ಕೊಟ್ಟನಂತೆ. ಇಂದಿರಾ ಇದನ್ನು ಹೇಳುವಾಗ ಮನೋರಮಮ್ಮ ಚಪಾತಿ ಲಟ್ಟಿಸುತ್ತಿದ್ದರು. ಆ ಒಂದು ಚಪಾತಿ ಬಹಳ ತೆಳ್ಳಗಾಯಿತು.

ಭಾನುವಾರ ಆರು ಗಂಟೆಗೇ ಎಲ್ಲರೂ ದಡದಲ್ಲಿದ್ದರು. ಎಂಜಿನ್ ಅನ್ನು ಮರದ ಕಟ್ಟೆಗೆ ನೆಟ್ಟಗೆ ನಿಲ್ಲಿಸಲಾಗಿತ್ತು. ಬನ್ವಾರಿ ಪಂಖಾ ಬಿಚ್ಚಿ ಎಳೆದ. ಅದರ ಹಿಂದೆ, ದಂಡಕ್ಕೆ ಬಿಗಿದುಕೊಂಡು, ಕೊಳೆತು ಕಪ್ಪಾಗಿ, ಒಳಸುತ್ತಿನಲ್ಲಿ ಮಾತ್ರ ಇನ್ನೂ ಕೆಂಪು ಉಳಿದಿದ್ದ ದಾರ. ಮನೋರಮಮ್ಮ ಕೈಚಾಚಿ ಈಸಿಕೊಂಡರು. ಅಂಗೈಯಲ್ಲಿ ಒಂದು ನಿಂಬೆಹಣ್ಣಿನಷ್ಟಾಯಿತು.

"ನಿಮ್ಮದೊಂದೇ ಅಲ್ಲ ಅಮ್ಮಾಜಿ," ಎಂದ ಬನ್ವಾರಿ ಸಂಕೋಚದಿಂದ, ಹಿಂದಿಯಲ್ಲಿ. "ಇಡೀ ದಿಲ್ಲಿಯದು."

"ನನ್ನ ಪಾಲಿನದಕ್ಕೆ ನಾನು ಜವಾಬ್ದಾರಿ, ಭಯ್ಯಾ."

ಎರಡು ಬೋಲ್ಟು ತೆಗೆದರೆ ಮುಚ್ಚಳ ಬಂತು. ಒಳಗೆ ಬಳೆಯಂಥ ರಬ್ಬರ್ ಸೀಲು. ಅದರ ಅಂಚು ಬ್ಲೇಡು ತಾಗಿದಂತೆ ಸೀಳಿತ್ತು. ಹೊಸದನ್ನು ಕೂರಿಸುವುದಕ್ಕೆ ಚಂದ್ರಶೇಖರನಿಗೂ ಬನ್ವಾರಿಗೂ ಒಂದೂವರೆ ಗಂಟೆ ಹಿಡಿಯಿತು. ಇಂದಿರಾ ಪುಸ್ತಕ ಹಿಡಿದು ಸಾಲು ಸಾಲು ಓದಿದಳು. ಅವಸರ ಮಾಡಿದಾಗಲೆಲ್ಲ, "'ಒತ್ತಬೇಕು, ಬಡಿಯಬಾರದು' ಅಂತ ಬರೆದಿದ್ದಾರೆ ರೀ," ಎಂದು ಗಂಡನನ್ನು ತಡೆದಳು.

ಎಣ್ಣೆ ತುಂಬುವ ಕೆಲಸಕ್ಕೆ ಇಂಚರಾ ತನ್ನ ಪಿಚಕಾರಿಯನ್ನು ಯಾರ ಕೈಗೂ ಕೊಡಲಿಲ್ಲ. ಕೆಳಗಿನ ತೂತಿಗೆ ಕೊಳವೆ ಸಿಕ್ಕಿಸಿ ಮೆಲ್ಲಗೆ ಒತ್ತಿದಳು. ಎರಡನೆಯ ಪಿಚಕಾರಿ ಮುಗಿಯುತ್ತ ಬಂದಾಗ ಮೇಲಿನ ತೂತಿನಲ್ಲಿ ಗುಳ್ಳೆಗಳು ಕಂಡವು, ಆಮೇಲೆ ಗುಳ್ಳೆಯಿಲ್ಲದ ಎಣ್ಣೆ ಇಳಿಯಿತು.

"ಈಗ ಕೊಳವೆ ತೆಗೆದು ಕೆಳಗಿನದು ಮುಚ್ಚಲಾ?" ಎಂದ ಚಂದ್ರಶೇಖರ.

"ತೆಗೆಯಬೇಡ! ಮೇಲಿನದು ಮೊದಲು," ಎಂದರು ಮನೋರಮಮ್ಮ.

"ಮೇಲಿನದು ಮುಚ್ಚಿದರೂ ಕೆಳಗೆ ತೂತು ಇದೆಯಲ್ಲ ಅಜ್ಜಿ, ಎಣ್ಣೆ ಗಿರ್ ಜಾಯೇಗಾ."

ಮನೋರಮಮ್ಮ ಮೊಮ್ಮಗಳ ಮಾವಿನ ಪಾನೀಯದಿಂದ ಸ್ಟ್ರಾ ತೆಗೆದು, ಅದರ ಮೇಲ್ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಎತ್ತಿ ಹಿಡಿದರು. ಒಳಗಿನ ರಸ ಬೀಳಲಿಲ್ಲ. ಬೆರಳು ತೆಗೆದರು. ಮರಳಿನ ಮೇಲೆ ಬಿತ್ತು.

"ಮೇಲೆ ಕೈ ಇದ್ದರೆ ಕೆಳಗೆ ಸುರಿಯೋದಿಲ್ಲ. ಹಾಕೋ ಶೇಖರಾ. ಹೊಸ ವಾಷರ್ ಮರೀಬೇಡ."

ಮೇಲಿನ ಸ್ಕ್ರೂ ಬಿಗಿಯಾಯಿತು. ಕೊಳವೆ ಎಳೆದು ಕೆಳಗಿನದನ್ನು ಹಾಕುವುದರೊಳಗೆ ಬಿದ್ದದ್ದು ನಾಲ್ಕು ಹನಿ.

ದೋಣಿಯನ್ನು ನೀರಿಗೆ ನೂಕುವ ಮೊದಲು ಮನೋರಮಮ್ಮ ಚೀಲದಿಂದ ತಂಬಿಗೆ ತೆಗೆದರು.

"ಅತ್ತೆ, ವರ್ಷ ತುಂಬೋದರೊಳಗೆ..." ಎಂದು ಇಂದಿರಾ ಅನುಮಾನಿಸಿದಳು.

"ನದಿಗೆ ಯಾವ ಮೈಲಿಗೆ ಇಂದಿರಾ?" ಎಂದು ಅವರು ನೀರಿನಲ್ಲಿ ಪಾದ ಮುಳುಗುವಷ್ಟು ಇಳಿದು ಹಾಲನ್ನು ಎರೆದರು. ಕಾಯಿಯನ್ನು ದಾರ ಸುತ್ತದೆ ಬರಿದಾಗಿ ತೇಲಿ ಬಿಟ್ಟರು. ಕಾಯಿಗೆಂದು ತಂದಿದ್ದ ಕೆಂಪು ದಾರವನ್ನು ಎಂಜಿನ್ನಿನ ಹಿಡಿಗೆ, ಗಂಡನ ಕೈ ತಾಗಿ ನುಣುಪಾಗಿದ್ದ ಕಡೆ, ಮೂರು ಸುತ್ತು ಸುತ್ತಿ ಗಂಟು ಹಾಕಿದರು. ಅಲ್ಲಿಗೆ ನೀರು ಮುಟ್ಟುವುದಿಲ್ಲ. ಆಮೇಲೆ ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು, "ಕೈ ಕೊಡು," ಎಂದರು ಮಗನಿಗೆ.

"ನೀನೂ ಬರ್ತೀಯಾ? ಯಾವತ್ತೂ ಹತ್ತಿದವಳಲ್ಲ ನೀನು!"

"ಇಪ್ಪತ್ತೆರಡು ವರ್ಷ ದಡದಲ್ಲಿ ನಿಂತು ಕಾಲು ಬಿದ್ದುಹೋಗಿದೆ. ಇವತ್ತು ಕೂತ್ಕೋತೀನಿ."

ಇಂದಿರಾ ಚಹಾದ ಫ್ಲಾಸ್ಕ್ ಹಿಡಿದು ದಡದಲ್ಲೇ ಉಳಿದಳು. ಎಂಜಿನ್ ಎರಡನೆಯ ಎಳೆತಕ್ಕೆ ಹೊತ್ತಿತು. ಇಂಚರಾ ಮೊಬೈಲಿನಲ್ಲಿ ಹೊತ್ತು ಅಳೆಯತೊಡಗಿದಳು. ಕಾಲು ಗಂಟೆಯ ಹೊತ್ತಿಗೆ ಚಂದ್ರಶೇಖರ ಉಸಿರು ಹಿಡಿದು ಕಿವಿಯಿಟ್ಟ. ಗರ್ರೆನ್ನಲಿಲ್ಲ. ಮರಳುದಿಬ್ಬದ ಬಳಿ ಬಂದಾಗ ಸೌತೆಯ ಪಾತಿಯಿಂದ ಒಬ್ಬ ಹೆಂಗಸು ಓಡಿ ಬಂದಳು. ಬನ್ವಾರಿಯ ತಂಗಿ. ದೋಣಿಯನ್ನು ನೋಡಿ, ಗುಡಿಸಲುಗಳ ಕಡೆ ತಿರುಗಿ, "ಬಾಬೂಜೀ ಕೀ ನಾವ್ ಆ ಗಯೀ!" ಎಂದು ಬಾಬೂಜಿಯ ದೋಣಿ ಬಂದ ಸುದ್ದಿಯನ್ನು ಕೂಗಿದಳು. ಗುಡಿಸಲುಗಳಿಂದ ಜನ ಹೊರಗೆ ಬಂದು ನಿಂತರು. ಅವಳು ನೀರಿಗಿಳಿದು ಒಂದು ಮಡಿಲು ಎಳೆಸೌತೆಯನ್ನು ಮನೋರಮಮ್ಮನವರ ಸೆರಗಿಗೆ ಸುರಿದಳು. ಚಂದ್ರಶೇಖರ ಆ ಗುಡಿಸಲುಗಳನ್ನು ಎಣಿಸಿದ. ಎಣಿಸಿ, ಮತ್ತೆ ಎಣಿಸಿದ.

ಒಂದು ಗಂಟೆ ಹತ್ತು ನಿಮಿಷ ಓಡಿಸಿ ದಡ ಸೇರಿದಾಗ ಟ್ರಕ್ ಬಂದು ನಿಂತಿತ್ತು. ಧಾಬಾದವನು ನೆರಳಿನಲ್ಲಿ ಕುಳಿತು ಇಂದಿರಾ ಕೊಟ್ಟ ಚಹಾ ಕುಡಿಯುತ್ತಿದ್ದ. "ಲೋಡ್ ಮಾಡಿಸೋಣವಾ ಭಾಯ್‌ಸಾಬ್?" ಎಂದು ಎದ್ದ.

ಚಂದ್ರಶೇಖರ ಎಂಜಿನ್ನಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಕೆಳಗಿನ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ, ಅಂಗೈ ಒಡ್ಡಿದ. ಎಲ್ಲರೂ ಬಗ್ಗಿ ನೋಡಿದರು. ನಾಲ್ಕಾರು ಹನಿ ಬಿತ್ತು. ಜೇನಿನ ಹಾಗೆ ತಿಳಿಯಾಗಿತ್ತು. ಅಂಗೈಯ ಗೆರೆಗಳು ಅದರೊಳಗಿಂದ ಕಾಣುತ್ತಿದ್ದವು.

ಅವನು ಸ್ಕ್ರೂ ಬಿಗಿದು, ಕೈಯನ್ನು ತನ್ನ ಬಿಳಿ ಅಂಗಿಗೇ ಒರೆಸಿಕೊಂಡು ಎದ್ದ. ನಿಮ್ಮ ಗುಲಾಬಿಗೆ ಬೇರೆ ಕುಂಡ ನೋಡಿಕೊಳ್ಳಿ, ಇದು ದೋಣಿ ಎಂದು ಧಾಬಾದವನಿಗೆ ಹಿಂದಿಯಲ್ಲಿ ಹೇಳಿದ.

"ಆ ಅಂಗಿ ನಾನು ಒಗೆಯೋದಿಲ್ಲ," ಎಂದಳು ಇಂದಿರಾ.

"ಒಗೆದರೂ ಹೋಗೋದಿಲ್ಲ ಬಿಡು," ಎಂದರು ಮನೋರಮಮ್ಮ.

ಮನೆಗೆ ಬಂದು, ಸೌತೆಕಾಯಿಯ ಕೋಸಂಬರಿ ಮಾಡಿ, ಊಟ ಮುಗಿದ ಮೇಲೆ ಮನೋರಮಮ್ಮ ಪುಸ್ತಕ ತೆರೆದರು. ಕಳೆದ ವರ್ಷದ ಟಿಪ್ಪಣಿಯ ಕೆಳಗೆ ಎರಡು ಸಾಲು ಬರೆದು ಮೊಮ್ಮಗಳ ಮುಂದೆ ತಳ್ಳಿದರು. "ಓದು. ಇವತ್ತಿನಿಂದ ನೀನು ಓದಲು ಕಲೀಬೇಕು. ಹಾ, ಅದು ಹಾ. ಅದು ಲು."

ಇಂಚರಾ ಬೆರಳಿಟ್ಟು, ಅಜ್ಜಿ ಹೇಳಿಕೊಟ್ಟ ಹಾಗೆ ಎಡವುತ್ತ ಓದಿದಳು. "ಹಾಲು... ಕಾ-ಣ-ಲಿಲ್ಲ. ಹಾಲು ಎ-ರೆ-ದೆವು." ತಲೆಯೆತ್ತಿದಳು. "ಅಜ್ಜಿ, ಯಾವ ಹಾಲು ಕಾಣಲಿಲ್ಲ? ಯಾವ ಹಾಲು ಎರೆದಿರಿ? ಕನ್‌ಫ್ಯೂಸ್ ಆಗುತ್ತೆ."

"ಕೊಡು ಇಲ್ಲಿ," ಎಂದು ಮನೋರಮಮ್ಮ ಪುಸ್ತಕವನ್ನು ಹಿಂದಕ್ಕೆ ಎಳೆದುಕೊಂಡರು. "ನಿಮ್ಮ ತಾತ ಒಂದು ಪದ ಬರೆಯದೆ ಬಿಟ್ಟರು. ನಾನು ಎರಡು ವಾರ ಕೊರಗಿದೆ."

ಮೊದಲ ಸಾಲಿನ ಮುಂದೆ "ಎಣ್ಣೆಯಲ್ಲಿ" ಎಂದು ಸೇರಿಸಿದರು. ಎರಡನೆಯದರ ಮುಂದೆ "ಯಮುನೆಗೆ" ಎಂದು ಬರೆದರು. ಶಾಯಿ ಆರಲಿ ಎಂದು ಊದಿ, ಪುಸ್ತಕವನ್ನು ಈ ಸಲ ಕೃಷ್ಣನ ಪಟದ ಮುಂದೆ ಇಟ್ಟರು.